ಎಲ್ ಎಂದರೆ ಮೊಳ

"ಗುರುಗಳೇ, ಪದದ ಮೂಲ ಬಲ್ಲವನು ಅರ್ಥದಲ್ಲಿ ಎಡವುವುದುಂಟೇ?" ಎಂದು ನಿರಂಜನ ಕೇಳಿದ. ನಿಘಂಟನ್ನೆಲ್ಲ ಬಾಯಿಪಾಠ ಮಾಡಿ ಮುಗಿಸಿದ ಶಿಷ್ಯ ಅವನು. ಬಂದರಿನ ಪೇಟೆಯಲ್ಲಿ ದುಭಾಷಿಯ ಕೆಲಸಕ್ಕೆ ಹೊರಟು ನಿಂತಿದ್ದ.

ಗುರುಗಳು ಹೇಳಿದರು:

ಅದೇ ಬಂದರಿನಲ್ಲಿ ಹಿಂದೆ ಒಬ್ಬ ನೇಕಾರನಿದ್ದ. ಹಡಗಿನಲ್ಲಿ ಬಂದ ಡಚ್ ವ್ಯಾಪಾರಿಯೊಬ್ಬ ಅವನ ಬಟ್ಟೆಯನ್ನು ಮೆಚ್ಚಿದ. ವರ್ಷಕ್ಕಾಗುವಷ್ಟು ಅಕ್ಕಿ ಮೊದಲೇ ಕೊಡುತ್ತೇನೆ, ಮಳೆಗಾಲ ಕಳೆದ ಮೇಲೆ ನೂರು ಎಲ್ ಬಟ್ಟೆ ಕೊಡಬೇಕು, ಕಡಿಮೆ ಬಿದ್ದರೆ ಮಗ್ಗ ನನ್ನದು ಎಂದ. ನೇಕಾರನಿಗೆ ಆ ಮಗ್ಗ ಬಿಟ್ಟರೆ ಬೇರೆ ಗತಿ ಇರಲಿಲ್ಲ. ಅವನು ವ್ಯಾಪಾರಿಯ ಜೊತೆ ಬಂದಿದ್ದ ದುಭಾಷಿಯ ಮುಖ ನೋಡಿದ.

"ಎಲ್ ಅಂದ್ರೆ ಎಂತ, ಅಯ್ಯಾ?"

ದುಭಾಷಿ ದೊಡ್ಡ ಪಂಡಿತ. ಕೇಳಿದ್ದಕ್ಕಿಂತ ಒಂದು ಹಿಡಿ ಹೆಚ್ಚೇ ಹೇಳುವವನು. "ಅವರ ಮಾತಲ್ಲಿ ಎಲ್ ಅಂದ್ರೆ ಮೂಲದಲ್ಲಿ ಮುಂಗೈ. ಮೊಳಕೈಗೆ ಅವರು ಎಲ್ಲೆಬೋಖ್ ಅಂತಾರೆ, ಎಲ್ ಬಾಗುವ ಜಾಗ ಅಂತ. ನಮ್ಮಲ್ಲಿ ಮೊಳ, ಮೊಳಕೈ ಇಲ್ವಾ? ಎಲ್ ಅಂದ್ರೆ ಮೊಳವೇ ಮಾರಾಯ!"

ನೇಕಾರನಿಗೆ ಹಿಗ್ಗೋ ಹಿಗ್ಗು. ಕಡಲಾಚೆಯವರೂ ತನ್ನ ಹಾಗೆ ಕೈಯಲ್ಲೇ ಅಳೆಯುತ್ತಾರಲ್ಲ! ಒಪ್ಪಿಕೊಂಡ. ಮಳೆಗಾಲವಿಡೀ ನೇಯ್ದು, ನೂರು ಮೊಳ ಅಳೆದ. ಪಾಪ, ದೂರದಿಂದ ಬಂದವರು ಎಂದು ಒಂದೊಂದು ಮೊಳಕ್ಕೂ ಬೆರಳಗಲ ಹೆಚ್ಚೇ ಬಿಟ್ಟ.

ವ್ಯಾಪಾರಿ ಬಂದ. ಕೈ ಚಾಚಲಿಲ್ಲ, ಮರದ ಕೋಲೊಂದನ್ನು ಹೊರತೆಗೆದ. ಅವನ ನಾಡಿನಲ್ಲಿ ಕೈಯಳತೆ ಹೋಗಿ ಎಷ್ಟೋ ತಲೆಮಾರು ಕಳೆದಿತ್ತು, ಹೆಸರು ಮಾತ್ರ ಉಳಿದಿತ್ತು. ಕೋಲು ಒಂದೂವರೆ ಮೊಳ ಉದ್ದವಿತ್ತು. ಬಟ್ಟೆ ಎಪ್ಪತ್ತು ಎಲ್ ಕೂಡ ಮುಟ್ಟಲಿಲ್ಲ.

ನೇಕಾರ ಕೋಲಿನ ಪಕ್ಕದಲ್ಲಿ ತನ್ನ ಕೈ ಇಟ್ಟು ದುಭಾಷಿಯನ್ನು ಕೇಳಿದ: "ಇಷ್ಟುದ್ದದ ಕೈ ಯಾವ ಮನುಷ್ಯನಿಗೆ ಉಂಟು, ಅಯ್ಯಾ?"

"ಪದದ ಮೂಲ ಅದೇ," ಎಂದ ದುಭಾಷಿ ತಲೆ ತಗ್ಗಿಸಿ. "ನಾನು ಸುಳ್ಳು ಹೇಳಲಿಲ್ಲ."

ವ್ಯಾಪಾರಿಯ ಆಳುಗಳು ಅಂದೇ ಮಗ್ಗವನ್ನು ಬಿಚ್ಚಿ ಗಾಡಿಗೆ ಹೇರಿದರು. ನೇಕಾರ ಅದೇ ಬಂದರಿನಲ್ಲಿ ಪರರ ಬಟ್ಟೆಯ ಮೂಟೆ ಹೊರುತ್ತ ಬದುಕು ಮುಗಿಸಿದ. ದುಭಾಷಿಯ ಕೆಲಸಕ್ಕೆ ಯಾವ ಕುಂದೂ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ನಿರಂಜನ ನಿಟ್ಟುಸಿರುಬಿಟ್ಟು, "ಅಯ್ಯೋ, ಅಷ್ಟು ಬಲ್ಲವನೂ ಎಡವಿದನಲ್ಲ!" ಎಂದ.

"ಎಡವಿದವನು ದುಭಾಷಿ," ಎಂದರು ಗುರುಗಳು, "ಬಿದ್ದವನು ನೇಕಾರ."