ಕೆಡವದೆ ಬಿಟ್ಟ ಒಲೆ

“ಗುರುಗಳೇ, ಒಳ್ಳೆಯ ಹೆಸರನ್ನು ಕಾಪಾಡಿಕೊಳ್ಳುವುದು ತಪ್ಪೇ?” ಎಂದು ಒಬ್ಬ ಶಿಷ್ಯ ಕೇಳಿದ.

ಗುರುಗಳು ಅವನ ಮುಖ ನೋಡಿದರು. “ಏನು ಮಾಡಿಕೊಂಡು ಬಂದಿದ್ದೀಯ, ಅದನ್ನು ಮೊದಲು ಹೇಳು,” ಎಂದರು.

ಶಿಷ್ಯ ತಡವರಿಸುತ್ತ ಹೇಳಿದ. ಹಿಂದಿನ ದಿನ ಸಭೆಯಲ್ಲಿ ಒಂದು ಪದ್ಯಕ್ಕೆ ಅವನು ತಪ್ಪು ಅರ್ಥ ಹೇಳಿದ್ದ. ಯಾರಿಗೂ ಗೊತ್ತಾಗಿರಲಿಲ್ಲ. ಎಲ್ಲರೂ ತಲೆದೂಗಿದ್ದರು, ಇಬ್ಬರು ಬರೆದುಕೊಂಡೂ ಹೋಗಿದ್ದರು. ಈಗ ಅವರನ್ನು ಕರೆದು ತಿದ್ದಿ ಹೇಳಿದರೆ ಇಷ್ಟು ವರ್ಷ ಗಳಿಸಿದ ಹೆಸರು ಮಣ್ಣುಪಾಲಾಗುತ್ತದೆ. ಸುಮ್ಮನಿದ್ದರೆ ಯಾರಿಗೇನು ನಷ್ಟ?

“ಕುಳಿತುಕೋ,” ಎಂದರು ಗುರುಗಳು. “ಒಬ್ಬ ಬೇಟೆಗಾರನ ಕತೆ ಹೇಳುತ್ತೇನೆ. ಅವನೂ ನಿನ್ನ ಹಾಗೆ ಬುದ್ಧಿವಂತನೇ.”

ಗುಡ್ಡಗಾಡಿನ ಒಂದು ಊರಿನಲ್ಲಿ ಒಬ್ಬ ಬೇಟೆಗಾರನಿದ್ದ. ಬಾಣದ ಗುರಿಯಲ್ಲಿ ಅವನನ್ನು ಮೀರಿಸುವವರು ಆ ಊರಿನಲ್ಲೇ ಹತ್ತು ಮಂದಿ ಇದ್ದರು. ಓಟದಲ್ಲಂತೂ ಅವನೇ ಎಲ್ಲರಿಗಿಂತ ಹಿಂದೆ. ಆದರೆ ಒಂದು ವಿದ್ಯೆಯಲ್ಲಿ ಅವನಿಗೆ ಸಾಟಿಯಿರಲಿಲ್ಲ. ಕಾಡಿನಲ್ಲಿ ಒಂಟಿಯಾಗಿ ಇರುಳು ಕಳೆಯುವವನು ಎಲ್ಲಿ ಮಲಗಿದರೆ ಬೆಳಿಗ್ಗೆ ಏಳುತ್ತಾನೆ, ಎಲ್ಲಿ ಮಲಗಿದರೆ ಏಳುವುದಿಲ್ಲ ಎಂಬುದನ್ನು ಅವನು ನಿಂತ ನಿಲುವಿನಲ್ಲೇ ಹೇಳಿಬಿಡುತ್ತಿದ್ದ.

ಆ ಸೀಮೆಯವರು ಬೇಟೆಗೆ ಒಬ್ಬೊಬ್ಬರೇ ಹೋಗುತ್ತಿದ್ದರು. ನಾಲ್ಕು ಜನರಿದ್ದರೆ ಮೂವರು ಮಲಗಿ ಒಬ್ಬ ಎಚ್ಚರವಿರಬಹುದು. ಒಂಟಿಯಾದವನಿಗೆ ಅವನು ಆರಿಸಿಕೊಂಡ ಜಾಗವೇ ಕಾವಲು. ಅದಕ್ಕೆಂದೇ ಅವರಲ್ಲಿ ಒಂದು ಕಟ್ಟಳೆ ಇತ್ತು. ಬೆಳಿಗ್ಗೆ ಎದ್ದು ಹೊರಡುವವನು, ಜಾಗ ಒಳ್ಳೆಯದಾಗಿದ್ದರೆ ತಾನು ಹೂಡಿದ ಒಲೆಯ ಮೂರು ಕಲ್ಲುಗಳನ್ನು ಹಾಗೆಯೇ ಬಿಟ್ಟು ಹೋಗಬೇಕು. ಕೆಟ್ಟದಾಗಿದ್ದರೆ ಒದ್ದು ಕೆಡವಿ ಹೋಗಬೇಕು. ಮುಂದೆ ಬರುವವನು ನಿಂತ ಒಲೆ ಕಂಡರೆ ಅಲ್ಲಿ ಕಂಬಳಿ ಹಾಸುತ್ತಿದ್ದ. ಬಿದ್ದ ಒಲೆ ಕಂಡರೆ ಎಷ್ಟೇ ದಣಿದಿದ್ದರೂ ಬೇರೆ ಜಾಗ ಹುಡುಕುತ್ತಿದ್ದ.

ನಮ್ಮ ಬೇಟೆಗಾರ ತನ್ನ ಒಲೆಯ ಹಿಂದಿನ ಕಲ್ಲಿನ ಮೇಲೆ ಒಂದು ಬಿಳಿ ಹರಳನ್ನು ಇಡುತ್ತಿದ್ದ. ಆ ಹರಳು ಕಂಡರಂತೂ ಜನ ಅತ್ತಿತ್ತ ನೋಡದೆ ಮಲಗುತ್ತಿದ್ದರು. ಅವನು ಮಲಗಿ ಎದ್ದ ಜಾಗ ತಾಯಿಯ ಮಡಿಲಿದ್ದ ಹಾಗೆ ಎನ್ನುತ್ತಿದ್ದರು. ಈ ಮಾತು ಕೇಳಲು ಅವನಿಗೆ ಬಹಳ ಇಷ್ಟ. ಕೇಳಿಯೂ ಕೇಳದವನ ಹಾಗೆ ಬಾಣ ಮಸೆಯುತ್ತ ಕುಳಿತಿರುತ್ತಿದ್ದ. ನಗಬೇಡ, ನಾವೂ ಹಾಗೆ ಕುಳಿತವರೇ.

ಒಂದು ವರ್ಷ, ಇನ್ನೇನು ಮಳೆಗಾಲ ಹಿಡಿಯುತ್ತದೆ ಎನ್ನುವಾಗ, ಅವನು ಪಡುವಲ ಗುಡ್ಡಕ್ಕೆ ಹೋದ. ದಾರಿಯಲ್ಲಿ ಜೇನು ಕೀಳಲು ಹೊರಟಿದ್ದ ಊರಿನ ಇಬ್ಬರು ಸಿಕ್ಕರು. ಆ ರಾತ್ರಿ ಸೂರುಗಲ್ಲಿನ ಬಳಿ ತಂಗುವುದಾಗಿ ಅವರಿಗೆ ಹೇಳಿ ಮುಂದೆ ನಡೆದ. ಸೂರುಗಲ್ಲು ಎಂದರೆ ಮನೆಯ ಸೂರಿನ ಹಾಗೆ ಮುಂದಕ್ಕೆ ಚಾಚಿಕೊಂಡಿದ್ದ ದೊಡ್ಡ ಬಂಡೆ. ಸಂಜೆ ಅಲ್ಲಿಗೆ ಮುಟ್ಟುವ ಹೊತ್ತಿಗೆ ಅವನ ಮಂಡಿ ಊದಿತ್ತು, ಹನಿ ಶುರುವಾಗಿತ್ತು. ಬಂಡೆಯ ಅಡಿಯ ನೆಲ ಒಣಗಿತ್ತು. ಆದರೆ ಅಲ್ಲಿ ಕಲ್ಲಿನ ಚೂರುಗಳು ಬಿದ್ದಿದ್ದವು. ಅವುಗಳ ಮೇಲೆ ಪಾಚಿಯಿರಲಿಲ್ಲ, ಧೂಳಿರಲಿಲ್ಲ, ಒಡೆದ ಮೈ ಬೆಳ್ಳಗಿತ್ತು. ಮೇಲಿನಿಂದ ಹೊಸದಾಗಿ ಉದುರಿದ ಚೂರುಗಳು ಅವು. ಬೇರೆ ಯಾರಾದರೂ ಅಲ್ಲಿ ಮಲಗಲು ಹೊರಟಿದ್ದರೆ ಅವನೇ ಬೈದು ಎಬ್ಬಿಸುತ್ತಿದ್ದ. ಆದರೆ ಮಂಡಿ ಸಿಡಿಯುತ್ತಿತ್ತು. ಒಂದು ರಾತ್ರಿಯಲ್ಲಿ ಏನಾಗಿಬಿಡುತ್ತದೆ ಎಂದುಕೊಂಡು, ಚೂರುಗಳನ್ನೆಲ್ಲ ಕಾಲಿನಿಂದ ಕೆಳಗಿನ ಪೊದೆಗೆ ತಳ್ಳಿ, ಕಂಬಳಿ ಹಾಸಿದ.

ಬೆಳಕು ಹರಿಯುವಾಗ ಎದ್ದು, ಬಂಡೆಯ ಹೊರಗೆ ಹೂಡಿದ್ದ ಒಲೆಯ ಮುಂದೆ ಬೆಂಕಿ ಊದುತ್ತ ಕುಳಿತಿದ್ದ. ಹಿಂದೆ ಧಪ್ಪೆಂದು ಸದ್ದಾಯಿತು. ತಿರುಗಿ ನೋಡಿದರೆ ಅವನು ತಲೆಯಿಟ್ಟಿದ್ದ ಜಾಗದಲ್ಲಿ ತೆಂಗಿನಕಾಯಿ ಗಾತ್ರದ ಕಲ್ಲು ಬಿದ್ದಿತ್ತು. ಕತ್ತೆತ್ತಿ ನೋಡಿದ. ಬಂಡೆಯ ಉದ್ದಕ್ಕೂ ಅಂಗೈ ತೂರುವಷ್ಟು ಬಿರುಕು ಬಿಟ್ಟಿತ್ತು. ಚಾಚಿದ ಭಾಗವೆಲ್ಲ ಹೇಗೋ ಕಚ್ಚಿಕೊಂಡು ನಿಂತಿದೆ, ಒಂದು ಮಳೆಗಾಲದ ನೀರು ಕುಡಿದರೆ ಇಳಿದುಬಿಡುತ್ತದೆ ಎಂದು ಅವನಿಗೆ ತಕ್ಷಣ ತಿಳಿಯಿತು. ತಿಳಿಯದೆ ಏನು, ಅವನ ವಿದ್ಯೆಯೇ ಅದಲ್ಲವೇ.

ಗಂಟು ಕಟ್ಟಿಕೊಂಡು, ಕಟ್ಟಳೆಯಂತೆ ಒಲೆ ಕೆಡವಲು ಕಾಲೆತ್ತಿದ. ಆಗ ಜೇನು ಕೀಳುವ ಆ ಇಬ್ಬರ ನೆನಪಾಯಿತು. ಇವತ್ತೋ ನಾಳೆಯೋ ಅವರು ಈ ದಾರಿಯಲ್ಲೇ ಮರಳುತ್ತಾರೆ. ಬಿದ್ದ ಒಲೆ ನೋಡುತ್ತಾರೆ. ಅವನೂ ಮೋಸಹೋದನಂತೆ, ಅದೂ ಸೂರುಗಲ್ಲಿನ ಕೆಳಗೆ ಮಲಗಿದ್ದನಂತೆ ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಎತ್ತಿದ ಕಾಲನ್ನು ಅವನು ಕೆಳಗಿಳಿಸಿ, ಎಂದಿನಂತೆ ಬಿಳಿ ಹರಳನ್ನು ಹಿಂದಿನ ಕಲ್ಲಿನ ಮೇಲಿಟ್ಟ. ಬಿದ್ದ ಕಲ್ಲನ್ನೂ ಎತ್ತಿ ಪೊದೆಗೆ ಎಸೆದ. ಮಳೆ ಹಿಡಿದರೆ ನಾಲ್ಕು ತಿಂಗಳು ಇಲ್ಲಿ ಮಲಗಲು ಯಾರೂ ಬರುವುದಿಲ್ಲ, ಮಳೆ ನಿಂತ ಕೂಡಲೇ ನಾನೇ ಬಂದು ಸದ್ದಿಲ್ಲದೆ ಕೆಡವುತ್ತೇನೆ ಎಂದು ತನಗೆ ತಾನೇ ಮಾತು ಕೊಟ್ಟುಕೊಂಡ.

ಜೇನಿನವರು ಊರಿಗೆ ಬಂದು, ಸೂರುಗಲ್ಲಿನಲ್ಲಿ ಅವನ ಒಲೆ ಕಂಡೆವು ಎಂದು ಎಲ್ಲರಿಗೂ ಹೇಳಿದರು. ನಿದ್ದೆ ಚೆನ್ನಾಗಿ ಬಂತೇ ಎಂದು ಯಾರೋ ಕೇಳಿದಾಗ ಅವನು ಚೆನ್ನಾಗಿ ಬಂತು ಎಂದ.

ಮಳೆ ಜೋರಾಗಿ ಸುರಿದಾಗಲೆಲ್ಲ ಅವನಿಗೆ ಆ ಬಿರುಕು ಕಣ್ಣಿಗೆ ಕಟ್ಟುತ್ತಿತ್ತು. ಮಳೆ ನಿಂತಿತು. ಮಂಡಿ ನೋವು ನಿಲ್ಲಲಿಲ್ಲ. ಇವತ್ತು ನಾಳೆ ಎನ್ನುತ್ತ ದಿನ ತಳ್ಳಿದ.

ಅವನಿಗೆ ಒಬ್ಬಳೇ ಮಗಳು. ಅವಳನ್ನು ತೀರಿಕೊಂಡ ತಂಗಿಯ ಮಗನಿಗೆ ಕೊಟ್ಟು ಮದುವೆ ಮಾಡಿದ್ದ. ಅಳಿಯ ತಾಯಿ ಸತ್ತಂದಿನಿಂದ ಇವನ ಮನೆಯಲ್ಲೇ ಉಂಡು ಬೆಳೆದವನು. ಮಗಳೀಗ ಬಸುರಿ. ಅವಳಿಗೆ ಜಿಂಕೆಯ ಮಾಂಸದ ಬಯಕೆಯಾಯಿತು. ಮಾವನ ಮಂಡಿ ನೋಡಿ ಅಳಿಯ ತಾನೇ ಹೊರಡಲು ಸಿದ್ಧನಾದ. ಹೊಲದಂಚಿನಲ್ಲಿ ಮೊಲ ಹೊಡೆದು ಗೊತ್ತೇ ಹೊರತು, ಕಾಡಿನಲ್ಲಿ ಒಂಟಿಯಾಗಿ ಮಲಗಿದವನಲ್ಲ. ಹೊರಡುವ ಹಿಂದಿನ ಸಂಜೆ ಜಗಲಿಗೆ ಬಂದು ಮಾವನ ಮುಂದೆ ಕುಳಿತ. ಊರಿನ ನಾಲ್ಕು ಜನರೂ ಅಲ್ಲಿದ್ದರು.

“ಮಾವ, ನಾಳೆ ಹೊತ್ತಾರೆ ಮೂಡಲ ಗುಡ್ಡಕ್ಕೆ ಹೊರಡ್ತೀನಿ. ಎರಡು ಮೂರು ರಾತ್ರಿ ಅಲ್ಲೇ ಆಗ್ಬೋದು. ಎಂಥಾ ಜಾಗ ನೋಡಿ ಮಲಗ್ಬೇಕು, ಒಸಿ ಹೇಳು.”

“ಒಣಗಿದ ಕೊಂಬೆ ಕೆಳಗೆ ಮಲಗ್ಬೇಡ ಕಣಪ್ಪ, ಅದು ಗಾಳಿ ಇಲ್ದೇನೂ ಬೀಳ್ತದೆ. ಹಳ್ಳದ ಮರಳು ಮೆತ್ತಗದೆ ಅಂತ ಆಸೆ ಪಡ್ಬೇಡ. ಮಳೆ ಎಲ್ಲೋ ಹುಯ್ದು ನೀರು ಇಲ್ಲಿಗೆ ಬರ್ತದೆ. ನೀರಿನ ಪಕ್ಕದಲ್ಲೂ ಬೇಡ, ಅಲ್ಲಿಗೆ ಕುಡಿಯೋಕೆ ಬರೋನು ನೀನೊಬ್ನೇ ಅಲ್ಲ. ಮರದ ಮೈಗೆ ಕೆಸರು ಉಜ್ಜಿದ್ರೆ ಅದು ಆನೆ ದಾರಿ. ಹೊಡೆದ ಮಾಂಸಾನ ಮಲಗೋ ಜಾಗದಿಂದ ದೂರದಲ್ಲಿ, ಎತ್ತರಕ್ಕೆ ಕಟ್ಟು.”

ಅಳಿಯ ಬೆರಳು ಮಡಿಸುತ್ತ ಕೇಳಿಸಿಕೊಂಡ. ಬಂಡೆಯ ಅಡಿ ಮಲಗುವ ಮಾತನ್ನು ಮಾತ್ರ ಬೇಟೆಗಾರ ಎತ್ತಿರಲಿಲ್ಲ. ಅದು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕುಳಿತಿದ್ದವರಲ್ಲಿ ಒಬ್ಬ, “ಅದ್ನೆಲ್ಲ ಯಾಕಪ್ಪಾ ಬಾಯಿಪಾಠ ಮಾಡ್ತೀಯ? ನಿಮ್ಮ ಮಾವನ ಒಲೆ ಹುಡುಕಿ ಪಕ್ಕದಲ್ಲಿ ಬಿದ್ಕೋ. ಯಮನೂ ಆ ಕಡೆ ತಲೆ ಹಾಕಕ್ಕಿಲ್ಲ,” ಎಂದ. ಎಲ್ಲರೂ ನಕ್ಕರು. ಅಳಿಯ ಹೆಮ್ಮೆಯಿಂದ ಮಾವನ ಮುಖ ನೋಡಿದ. ಬೇಟೆಗಾರನೂ ನಕ್ಕ. ಅಳಿಯ ಹೊರಟಿರುವುದು ಮೂಡಲಿಗೆ, ಸೂರುಗಲ್ಲಿರುವುದು ಪಡುವಲಲ್ಲಿ, ಇಷ್ಟು ಜನರ ಮುಂದೆ ಈಗ ಹೇಳಲೇಬೇಕೆಂದೇನಿಲ್ಲ ಎಂದುಕೊಂಡ.

ಅಳಿಯ ಹೋದ ಮೂರನೆಯ ದಿನ, ಸೌದೆಗೆ ಹೋಗಿದ್ದ ಒಬ್ಬ ಹೆಂಗಸು ಸುದ್ದಿ ತಂದಳು. ಮೂಡಲ ಗುಡ್ಡಕ್ಕೆ ಆನೆಗಳು ಇಳಿದಿದ್ದವು. ಜಿಂಕೆಗಳೆಲ್ಲ ಪಡುವಲಿಗೆ ಓಡಿದ್ದವು. ಅವನೂ ಅವುಗಳ ಜಾಡು ಹಿಡಿದು ಹೋದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ಬೇಟೆಗಾರ ತಟ್ಟನೆ ಎದ್ದ. ಕೋಲು ಹಿಡಿದು, ಯಾರಿಗೂ ಏನೂ ಹೇಳದೆ ಹೊರಟ. ಮಂಡಿಯನ್ನು ಎಳೆದುಕೊಂಡು ಓಡಿದ. ಬಿದ್ದ, ಎದ್ದ, ಮತ್ತೆ ಓಡಿದ. ಬೇರೆ ಎಲ್ಲಾದರೂ ಮಲಗಿರಲಿ, ಆನೆ ದಾರಿಯಲ್ಲಾದರೂ ಮಲಗಿರಲಿ ಎಂದು ಬೇಡಿಕೊಂಡ. ಅಪ್ಪ ಕುಂಟುತ್ತ ಓಡಿದ್ದನ್ನು ಕಂಡ ಮಗಳು ಹೆದರಿ, ಊರಿನ ನಾಲ್ವರನ್ನು ಅವನ ಹಿಂದೆ ಕಳಿಸಿದಳು.

ಮರುದಿನ ಬೆಳಿಗ್ಗೆ ಅವನು ಸೂರುಗಲ್ಲು ಮುಟ್ಟಿದ. ಸೂರು ಇರಲಿಲ್ಲ. ಚಾಚಿದ ಬಂಡೆ ಪೂರ್ತಿ ಕಳಚಿ ನೆಲಕ್ಕೆ ಕೂತಿತ್ತು. ಹೊರಗೆ ಅವನ ಒಲೆ ನಿಂತಿತ್ತು. ಬೂದಿ ಇನ್ನೂ ಬೆಚ್ಚಗಿತ್ತು. ದೂರದ ಒಂದು ಮರದಲ್ಲಿ, ಎರಡಾಳು ಎತ್ತರಕ್ಕೆ, ಜಿಂಕೆಯ ಮಾಂಸ ಕಟ್ಟಿತ್ತು. ಆ ಮರಕ್ಕೆ ಒಣಕೊಂಬೆ ಇರಲಿಲ್ಲ, ಮೈಗೆ ಕೆಸರಿರಲಿಲ್ಲ. ಮಾವ ಹೇಳಿದ್ದರಲ್ಲಿ ಅಳಿಯ ಒಂದನ್ನೂ ಬಿಟ್ಟಿರಲಿಲ್ಲ. ಬಂಡೆಯ ಅಡಿಯಿಂದ ಕಂಬಳಿಯ ಅಂಚು ಮಾತ್ರ ಹೊರಗೆ ಕಾಣುತ್ತಿತ್ತು.

ಬೇಟೆಗಾರ ಆ ಅಂಚನ್ನು ಹಿಡಿದುಕೊಂಡು ಎದೆ ಬಡಿದುಕೊಂಡು ಅತ್ತ. ಸತ್ತ ತಂಗಿಯ ಹೆಸರು ಹಿಡಿದು ಕೂಗಿ ಅತ್ತ. ಆಮೇಲೆ ಎದ್ದು ಒಲೆಗೆ ಒದ್ದ. ಮೂರು ಕಲ್ಲುಗಳೂ ಉರುಳಿದವು.

ಇಳಿಜಾರಿನಲ್ಲಿ ಊರಿನವರ ದನಿ ಕೇಳಿಸಿತು. ಅವರು ಹತ್ತಿರ ಬರುತ್ತಿದ್ದರು. ಅವನು ಮೊಣಕಾಲೂರಿ ಕಲ್ಲುಗಳನ್ನು ಮತ್ತೆ ಜೋಡಿಸಿದ. ಬಿಳಿ ಹರಳನ್ನು ಹುಲ್ಲಿನಲ್ಲಿ ಹುಡುಕಿ ತಂದು ಮೇಲಿಟ್ಟ.

ಊರಿನವರು ಬಂದು ಬಂಡೆ ನೋಡಿದರು, ಒಲೆ ನೋಡಿದರು. ಬಂಡೆಯನ್ನು ಸರಿಸುವ ಶಕ್ತಿ ಯಾರಿಗೂ ಇರಲಿಲ್ಲ. ಅಲ್ಲೇ ಮಣ್ಣೆಳೆದರು. ಮಾಂಸವನ್ನು ಯಾರೂ ಮುಟ್ಟಲಿಲ್ಲ. ಬೇಟೆಗಾರನ ಕೈ ಹಿಡಿದು ಸಮಾಧಾನ ಮಾಡಿದರು. ನಿನ್ನ ಒಲೆಯ ಪಕ್ಕದಲ್ಲೇ ಹೀಗಾಯಿತೆಂದರೆ ಇದು ಅವನ ಹಣೆಬರಹ, ಇನ್ನೆಲ್ಲಿ ಮಲಗಿದ್ದರೂ ಉಳಿಯುತ್ತಿರಲಿಲ್ಲ ಎಂದರು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ.

ಮಗಳು ಅತ್ತು ಅತ್ತು ದನಿ ಕಳೆದುಕೊಂಡಳು. ಹಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಅಪ್ಪನ ಪಕ್ಕದಲ್ಲಿ ಬಂದು ಕುಳಿತಳು.

“ಅಪ್ಪಾ, ಒಬ್ರೇ ಮಲಗೋಕೆ ಅವ್ರಿಗೆ ಭಯ ಇತ್ತು. ನನ್ ತಾವ ಮಾತ್ರ ಹೇಳಿದ್ರು. ನಿನ್ನ ಒಲೆ ಕಂಡ್ಮೇಲೆ ಭಯ ಹೋಗಿರ್ತದೆ, ಅಲ್ವಾ? ನೆಮ್ಮದಿಯಾಗಿ ನಿದ್ದೆ ಮಾಡಿರ್ತಾರೆ, ಅಲ್ವಾ?”

ಬೇಟೆಗಾರ ನೆಲ ನೋಡುತ್ತ, “ಹೂಂ ಕಣವ್ವ,” ಎಂದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯನ ಕಣ್ಣು ತುಂಬಿತ್ತು. “ಆಮೇಲೆ ಏನಾಯಿತು, ಗುರುಗಳೇ?” ಎಂದು ಕೇಳಿದ.

“ಅವನ ಹೆಸರಿಗೆ ಏನೂ ಆಗಲಿಲ್ಲ,” ಎಂದರು ಗುರುಗಳು.