ಎಲೆಯ ಉಪಯೋಗಗಳು

ಗಂಡು ಹೆಣ್ಣುಗಳಲ್ಲಿ ಯಾರ ಸೃಜನಶೀಲತೆ ಹೆಚ್ಚೆಂದು ಸಂಶೋಧಿಸುತ್ತಿದ್ದ ಕೊಕ್ಕರೆಯೊಂದು ಸಿಂಪಿಗ ಹಕ್ಕಿಗಳ ಜೋಡಿಯ ಬಳಿ ಬಂದು, "ಒಂದು ಎಲೆಯಿಂದ ಏನೇನು ಮಾಡಬಹುದು? ಬೇಗ ಹೇಳಿ" ಎಂದಿತು.

"ಕೊಡೆ, ದೋಣಿ, ಬೀಸಣಿಗೆ, ಪೀಪಿ" ಎಂದು ಶುರುಮಾಡಿದ ಗಂಡು ಇಪ್ಪತ್ತು ಉಪಯೋಗಗಳನ್ನು ಹೇಳಿತು.

"ನೀವೇನು ಹೇಳುತ್ತೀರಿ, ತಾಯಿ?" ಎಂದು ಕೊಕ್ಕರೆ ಹೆಣ್ಣನ್ನು ಕೇಳಿತು.

"ಸ್ವಲ್ಪ ತಡೆಯಿರಿ. ಇವತ್ತೇ ಮೊಟ್ಟೆ ಇಡಬೇಕು" ಎಂದ ಹೆಣ್ಣು, ಜೇಡರ ಬಲೆಯ ಎಳೆಯಿಂದ ಎಲೆಯ ಅಂಚುಗಳನ್ನು ಸೇರಿಸಿ ಹೊಲಿಯುತ್ತಲೇ ಇತ್ತು.

ಸಮಯ ಮುಗಿಯಿತು. ಕೊಕ್ಕರೆ ಗಂಡಿಗೆ ಇಪ್ಪತ್ತು, ಹೆಣ್ಣಿಗೆ ಸೊನ್ನೆ ಎಂದು ಬರೆದುಕೊಂಡಿತು. ಅಷ್ಟರಲ್ಲಿ ಹೆಣ್ಣು ಹೊಲಿದ ಎಲೆಯೊಳಗೆ ಹೋಗಿ ಕುಳಿತಿತ್ತು.

ಕೊಕ್ಕರೆ ಬಗ್ಗಿ ನೋಡಿ, "ನಿಮ್ಮ ಇಪ್ಪತ್ತರಲ್ಲಿ ಮನೆ ಇತ್ತೇ?" ಎಂದು ಗಂಡನ್ನು ಕೇಳಿತು.

"ಇಲ್ಲ. ಅದು ನನಗೆ ಹೊಳೆಯಲಿಲ್ಲ."

"ನನ್ನ ಉತ್ತರಪಟ್ಟಿಯಲ್ಲೂ ಅದಿಲ್ಲ" ಎಂದ ಕೊಕ್ಕರೆ, ಸೊನ್ನೆಯನ್ನು ಹಾಗೆಯೇ ಉಳಿಸಿಕೊಂಡು ಹಾರಿಹೋಯಿತು.