ಬೆಳೆಯಬಾರದ ಕೆಂಪಾಜಿ

ಒಂದಾನೊಂದು ಊರಂತೆ, ಹೆಸರು ಜಾಗಟೆಪುರ. ಅಲ್ಲಿ ಸಣ್ಣಮ್ಮ ಅನ್ನೋಳಿಗೆ ಒಂದು ಹೆಣ್ಣುಕೂಸು ಹುಟ್ಟಿತು. ಕೂಸು ಅತ್ತಿದ್ದೇ ಶ್ರುತಿ ಹಿಡಿದು. ಸೂಲಗಿತ್ತಿ ಮಾಡೋ ಕೆಲಸ ಮರೆತು ತಾಳ ಹಾಕುತ್ತ ಕೂತಳು. ಕೂಸಿಗೆ ಕೆಂಪಾಜಿ ಅಂತ ಹೆಸರಿಟ್ಟರು.

ನಡೆಯೋ ಮೊದಲೇ ಕೆಂಪಾಜಿ ಹಾಡಿದಳು. ಹಲ್ಲು ಬರೋ ಮೊದಲೇ ನಾಟಕ ಆಡಿದಳು. ಹಸಿದವಳ ಪಾತ್ರ ಮಾಡಿದರೆ ಜನ ಮನೆಗೆ ಓಡಿ ಮುದ್ದೆ ತರುತ್ತಿದ್ದರು. ಸತ್ತವಳ ಪಾತ್ರ ಮಾಡಿದಾಗಂತೂ ಚಟ್ಟವನ್ನೇ ಕಟ್ಟಿಬಿಟ್ಟರು.

"ಅಯ್ಯೋ, ಇದು ಆಟ ಕಣ್ರೋ!" ಅಂತ ಎದ್ದು ಕೂತಳು.

"ಸುಮ್ನೆ ಮಲಗವ್ವ, ಎಷ್ಟು ಚೆನ್ನಾಗಿ ಸತ್ತಿದ್ದೀಯ!" ಅಂದರು.

ರಾಜ ಹುಬ್ಬಣ್ಣ ಮೆಚ್ಚಿ 'ಬಾಲಪ್ರತಿಭೆ' ಅಂತ ಬಿರುದು ಕೊಟ್ಟ. ಅದನ್ನು ಕಲ್ಲಿನಲ್ಲಿ ಕೆತ್ತಿಸಿದ. ಅಲ್ಲೇ ಎಡವಟ್ಟಾಯಿತು. ಕೆಂಪಾಜಿ ಬೆಳೆದಳು.

"ಏನವ್ವ ಇದು?" ಅಂದ ರಾಜ.

"ಬೆಳೀತಿದ್ದೀನಿ ಬುದ್ಧಿ."

"ಕಲ್ಲು ಸುಳ್ಳು ಹೇಳಬಾರದು. ಬೆಳೆಯೋದು ನಿಲ್ಲಿಸು."

"ನಾನೇನೋ ನಿಲ್ಲಿಸ್ತೀನಿ ಬುದ್ಧಿ, ಕಾಲು ಕೇಳಬೇಕಲ್ಲ?"

ಮಂತ್ರಿ ತಲೆ ಓಡಿಸಿದ. "ಇವಳು ಚಿಕ್ಕವಳಾಗಿ ಉಳಿಯದಿದ್ದರೆ ಮಿಕ್ಕಿದ್ದೆಲ್ಲ ದೊಡ್ಡದಾಗಲಿ!"

ಸರಿ, ಬಾಗಿಲು ದೊಡ್ಡದಾಯಿತು. ಬಾಗಿಲಿಗೆ ತಕ್ಕ ಮನೆ, ಮನೆಗೆ ತಕ್ಕ ಒಲೆ, ಒಲೆಗೆ ತಕ್ಕ ಮಡಕೆ. ಸಾರಿಗೆ ಉಪ್ಪು ಹಾಕೋಕೂ ಏಣಿ ಬೇಕಾಯಿತು. ಊರಿನ ಏಣಿಗಳೆಲ್ಲ ಅಡುಗೆಮನೆ ಸೇರಿದವು. ರಾಜನ ಸಿಂಹಾಸನ ತೆಂಗಿನಮರದಷ್ಟು ಎತ್ತರವಾಯಿತು.

ಇಷ್ಟೆಲ್ಲ ದೊಡ್ಡದಾದರೂ ಕೆಂಪಾಜಿಗೆ ಮಾತ್ರ ಅದೇ ತೊಟ್ಟಿಲ ಪಾತ್ರ, ಅದೇ "ಅಮ್ಮಾ, ಹಾಲು" ಅನ್ನೋ ಮಾತು. ಪಾಪ, ಅವಳು ಒಳಗೊಳಗೇ ಕೊರಗಿದಳು.

"ಅಕ್ಕಾ, ನಿನ್ನ ದನಿ ಇಳಿದಿದೆ. ನನ್ನ ತಂತೀನೂ ಇಳಿಸಬಾರದಾ?" ಅಂತ ಅವಳ ತಂಬೂರಿ ಗೊಣಗುತ್ತಿತ್ತು.

"ರಾಜರಿಗೆ ಗೊತ್ತಾದರೆ?"

"ಕಿವಿ ಹಿಂಡಿಸಿಕೊಳ್ಳೋದು ನನಗೆ ಅಭ್ಯಾಸ."

ಒಂದು ದಿನ ಆಟದ ನಡುವೆ ರಾಜನಿಗೆ ಹಸಿವಾಯಿತು. ಇಳಿಯೋಕೆ ಹೋದ. ಹತ್ತಿಸಿದ ಏಣಿ ಆಗಲೇ ಅಡುಗೆಮನೆಗೆ ಹೋಗಿತ್ತು. ಕಾಲು ನೆಲಕ್ಕೆ ಎಟುಕದು. "ಇಳಿಸ್ರೋ!" ಅಂತ ಗೊಳೋ ಅಂದ. ಮಂತ್ರಿ ಕೆಳಗೆ ನಿಂತು ಲೆಕ್ಕಾಚಾರಕ್ಕೆ ತೊಡಗಿದ.

ಕೆಂಪಾಜಿ ತೊಟ್ಟಿಲಿಂದ ಎದ್ದಳು. ತಂಬೂರಿಯ ತಂತಿ ಇಳಿಸಿದಳು. ತನ್ನದೇ ತುಂಬುದನಿಯಲ್ಲಿ ಜೋಗುಳ ಹಾಡಿ ತೋಳು ಚಾಚಿದಳು. "ಬಾರೋ ಕಂದ, ಅಮ್ಮ ಇದ್ದೀನಿ. ಹಾರು!"

ಆ ಅಭಿನಯಕ್ಕೆ ರಾಜ ತಾನು ರಾಜ ಅನ್ನೋದನ್ನೇ ಮರೆತು ಹಾರಿಬಿಟ್ಟ. ಅವಳು ಹಿಡಿದು ಸೊಂಟಕ್ಕೇರಿಸಿಕೊಂಡಳು. ಜನ ಕಣ್ಣೊರೆಸಿಕೊಂಡರು.

ಸೊಂಟದ ಮೇಲಿಂದಲೇ ರಾಜ ಕೇಳಿದ: "ನಾಳೆ ಯಾವ ಪಾತ್ರ?"

"ಮಹಾರಾಣಿ, ಬುದ್ಧಿ."

"ಮತ್ತೆ ನಾನು?"

"ನೀವು ನೋಡೋರು. ಚಾಪೆ ಮೇಲೆ ಕೂತು."

ಆಮೇಲೆ ಅವಳು ರಾಣಿಯಾದಳು, ರಾಕ್ಷಸಿಯಾದಳು, ಹಲ್ಲಿಲ್ಲದ ಮುದುಕಿಯಾದಳು. ಊರೂರು ಹಾಡಿದಳು.

ಕತೆ ಆಯ್ತು, ಕೆಂಡ ಬೂದಿಯಾಯ್ತು. ನೀತಿ ಬೇಕೇ ಬೇಕಾ? ಹಾಗಾದರೆ ತಗೊಳ್ಳಿ: ಮಕ್ಕಳನ್ನು ಬೇಕಾದಷ್ಟು ಹೊಗಳಿ, ಅಂಗಿ ಮಾತ್ರ ಸ್ವಲ್ಪ ದೊಡ್ಡದೇ ಹೊಲಿಸಿ.